ಧಾನ್ಯಸಂಗ್ರಹ ಮತ್ತು ಶ್ರಾವಕಧರ್ಮ: ಅಂಕೋಲೆ–ಕಾರವಾರಗಳ ಇತಿಹಾಸದ ಬೆಳಕಿನಲ್ಲಿ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಈ ವ್ರತಕ್ಕೆ ತಗಲಬಹುದಾದ ದೋಷಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಹೊಲ–ಮನೆ, ಬೆಳ್ಳಿ–ಬಂಗಾರಗಳ ಸಾಲಿನಲ್ಲಿಯೇ ಧನ–ಧಾನ್ಯಗಳನ್ನೂ ಇರಿಸಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ‘ಅತಿಸಂಗ್ರಹ’ವೆಂಬ ದೋಷವನ್ನೇ ಬೇರೆಯಾಗಿ ಹೆಸರಿಸುತ್ತದೆ. ಮುಂದೆ ಹೆಚ್ಚು ಬೆಲೆ ಬಂದೀತೆಂಬ ಲೋಭದಿಂದ ಧಾನ್ಯವೇ ಮೊದಲಾದವನ್ನು ಮಿತಿಮೀರಿ ಕೂಡಿಹಾಕುವುದು ಅತಿಸಂಗ್ರಹವೆಂದು ಅದರ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆದರೆ ಮಳೆಗಾಲವನ್ನೇ ನಂಬಿದ ನಾಡಿನಲ್ಲಿ ಧಾನ್ಯವನ್ನು ಕೂಡಿಡದೆ ಬದುಕುವುದೂ ಸಾಧ್ಯವಿಲ್ಲ. ಕಾರ್ತಿಕದಲ್ಲಿ ಕೊಯ್ದ ಭತ್ತವೇ ಮುಂದಿನ ಆಷಾಢ–ಶ್ರಾವಣಗಳಿಗೆ ಅನ್ನವಾಗಬೇಕು, ಅದರಲ್ಲಿಯೇ ಒಂದು ಪಾಲು ಬೀಜವಾಗಿಯೂ ಉಳಿಯಬೇಕು. ಹಾಗಾದರೆ ಕಣಜವು ಎಲ್ಲಿಯವರೆಗೆ ವಿವೇಕ, ಎಲ್ಲಿಂದ ಮುಂದೆ ಪರಿಗ್ರಹ? ಈ ಪ್ರಶ್ನೆಗೆ ಶಾಸ್ತ್ರದಂತೆಯೇ ಇತಿಹಾಸವೂ ಉತ್ತರ ಕೊಡಬಲ್ಲದು. ಉತ್ತರ ಕನ್ನಡದ ಅಂಕೋಲೆ ಮತ್ತು ಕಾರವಾರ ತಾಲೂಕುಗಳ ಭತ್ತದ ಕಥೆ ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾಗಿದೆ.

ಕ್ಷಾಮ ಮತ್ತು ಕೋಷ್ಠಾಗಾರ

ಕರ್ನಾಟಕದ ಜೈನಧರ್ಮದ ಇತಿಹಾಸ ಆರಂಭವಾಗುವುದೇ ಒಂದು ಕ್ಷಾಮದ ನೆನಪಿನಿಂದ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, ಸುಮಾರು ಕ್ರಿ.ಶ. 600ರದೆಂದು ವಿದ್ವಾಂಸರು ಹೇಳುವ ಶಾಸನವು ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕಾಲವೈಷಮ್ಯವನ್ನು ಮೊದಲೇ ತಿಳಿದು ಹೇಳಿದುದನ್ನೂ, ಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ನಡೆದುದನ್ನೂ ತಿಳಿಸುತ್ತದೆ. ಸಂಘವು ಬಂದು ಸೇರಿದ ನಾಡು ಧನ, ಕನಕ, ಸಸ್ಯ, ಗೋವು, ಎಮ್ಮೆ, ಕುರಿಗಳಿಂದ ತುಂಬಿತ್ತೆಂದು ಆ ಶಾಸನ ವರ್ಣಿಸುತ್ತದೆ. ಮುನಿಗಳು ಏನನ್ನೂ ಕೂಡಿಡುವವರಲ್ಲ, ನಾಳೆಯ ಆಹಾರವನ್ನು ಇಂದು ಯೋಚಿಸುವವರೂ ಅಲ್ಲ. ಆದರೆ ಅವರಿಗೆ ಆಹಾರದಾನ ಮಾಡುವ ಶ್ರಾವಕನ ಮನೆಯಲ್ಲಿ ಕಾಳಿಲ್ಲದಿದ್ದರೆ ಚರ್ಯೆಗೆ ಹೊರಟ ಮುನಿ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಅಪರಿಗ್ರಹದ ಪರಮಾವಸ್ಥೆಯೂ ಗೃಹಸ್ಥನ ಮಿತವಾದ ಕಣಜವನ್ನು ಆಶ್ರಯಿಸಿಯೇ ನಡೆದುಬಂದಿದೆ.

ಮೌರ್ಯರ ಕಾಲದವೆಂದು ತಿಳಿಯಲಾದ ಎರಡು ಬರಹಗಳು ಈ ಸಂಗತಿಯನ್ನು ಬೇರೊಂದು ಕಡೆಯಿಂದ ತೋರಿಸುತ್ತವೆ. ಗೋರಖಪುರದ ಬಳಿಯ ಸೋಹಗೌರದಲ್ಲಿ ದೊರೆತ ತಾಮ್ರಪಟವು ಎರಡು ಕೋಷ್ಠಾಗಾರಗಳನ್ನು ಕುರಿತ ರಾಜಾಜ್ಞೆಯಾಗಿದೆ. ಸಂಕಟಕಾಲದಲ್ಲಿ ಬಳಸಬೇಕಾದ ಧಾನ್ಯವನ್ನು ಅದು ಹೇಳುತ್ತದೆ. ಅದರ ತಲೆಭಾಗದಲ್ಲಿ ಆ ಕೋಷ್ಠಾಗಾರಗಳ ರೇಖಾಚಿತ್ರಗಳೂ ಇವೆ. ಇಂದಿನ ಬಾಂಗ್ಲಾದೇಶದ ಮಹಾಸ್ಥಾನದಲ್ಲಿ ಸಿಕ್ಕಿದ ಶಿಲಾಲೇಖವು ಕಷ್ಟದಲ್ಲಿದ್ದವರಿಗೆ ಭತ್ತವನ್ನು ಕೊಡಿಸಿ, ಸುಭಿಕ್ಷ ಬಂದಾಗ ಉಗ್ರಾಣವನ್ನು ಮತ್ತೆ ತುಂಬಿಸಬೇಕೆಂದು ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವೂ ಕೋಷ್ಠಾಗಾರದ ಅರ್ಧವನ್ನು ಜನಪದದ ಆಪತ್ತಿಗಾಗಿ ತೆಗೆದಿರಿಸಬೇಕೆನ್ನುತ್ತದೆ. ಭದ್ರಬಾಹು–ಚಂದ್ರಗುಪ್ತರ ಕಾಲದ ಭಾರತವು ಬರವನ್ನು ವಿಧಿಯ ಆಟವೆಂದು ಮಾತ್ರ ತಿಳಿದಿರಲಿಲ್ಲ. ಅದಕ್ಕೆ ಮೊದಲೇ ಸಿದ್ಧವಾಗಿರುವುದು ಆಳುವವನ ಕರ್ತವ್ಯವೆಂದೂ ತಿಳಿದಿತ್ತು.

ಪೆರುವಿನ ಬೆಟ್ಟದ ಉಗ್ರಾಣಗಳು

ಧಾನ್ಯಸಂಗ್ರಹವನ್ನು ರಾಜ್ಯಧರ್ಮದ ಕೇಂದ್ರವಾಗಿಸಿಕೊಂಡ ಇನ್ನೊಂದು ನಾಡು ದಕ್ಷಿಣ ಅಮೆರಿಕದ ಇಂಕಾ ಸಾಮ್ರಾಜ್ಯ. 15 ಮತ್ತು 16ನೆಯ ಶತಮಾನಗಳಲ್ಲಿ ಇಂಕಾ ಅರಸರು ಆಂಡೀಸ್ ಪರ್ವತಗಳ ಇಳಿಜಾರುಗಳಲ್ಲಿ ‘ಕೊಲ್ಕ’ ಎಂಬ ಕಲ್ಲಿನ ಉಗ್ರಾಣಗಳನ್ನು ಸಾಲುಸಾಲಾಗಿ ಕಟ್ಟಿಸಿದರು. ಹುವಾನುಕೊ ಪಂಪ ಎಂಬ ಒಂದೇ ಊರಿನ ಗುಡ್ಡದ ಮೇಲೆ ಸುಮಾರು 500 ಉಗ್ರಾಣಗಳ ಅವಶೇಷಗಳಿವೆ. ಇಂದಿನ ಬೊಲಿವಿಯಾದ ಕೊಚಬಾಂಬ ಕಣಿವೆಯ ಕೊತಪಾಚಿಯಲ್ಲಿ ಸುಮಾರು 2,400 ಇದ್ದುವು. ಒಲ್ಲಂತಾಯ್ತಂಬೊ ಎಂಬಲ್ಲಿ ಕಡಿದಾದ ಬೆಟ್ಟದ ಮೈಗೆ ಅಂಟಿಕೊಂಡಂತೆ ನಿಂತ ಗೋಡೆಗಳನ್ನು ಇಂದಿಗೂ ಪ್ರವಾಸಿಗಳು ಹತ್ತಿ ನೋಡುತ್ತಾರೆ. ಎತ್ತರದ ತಂಪು ಗಾಳಿ ಒಳಗೆ ಆಡುವಂತೆ, ಮಳೆಯ ನೀರು ನಿಲ್ಲದಂತೆ ಇಳಿಜಾರನ್ನು ಆರಿಸಿ ಇವನ್ನು ಕಟ್ಟಲಾಗಿತ್ತು. ಮೆಕ್ಕೆಜೋಳ, ಒಣಗಿಸಿದ ಆಲೂಗಡ್ಡೆ, ಬಟ್ಟೆ, ಆಯುಧಗಳು ಇವುಗಳಲ್ಲಿರುತ್ತಿದ್ದುವು. ಬರವಣಿಗೆಯಿಲ್ಲದ ಆ ಜನ ‘ಕಿಪು’ ಎಂಬ ದಾರದ ಗಂಟುಗಳಲ್ಲಿ ಇವೆಲ್ಲದರ ಲೆಕ್ಕವನ್ನಿಡುತ್ತಿದ್ದರು.

ಆದರೆ ಇದನ್ನು ಕೇವಲ ದಯೆಯ ವ್ಯವಸ್ಥೆಯೆಂದು ಹೊಗಳುವುದು ಸತ್ಯಕ್ಕೆ ದೂರವಾದೀತು. ಉಗ್ರಾಣ ತುಂಬುತ್ತಿದ್ದುದು ಪ್ರಜೆಗಳು ಅರಸನ ಹೊಲದಲ್ಲಿ ಸಲ್ಲಿಸಬೇಕಾದ ಸರದಿಯ ದುಡಿಮೆಯಿಂದ. ಅದರ ದೊಡ್ಡ ಪಾಲು ಸೈನ್ಯಕ್ಕೂ ಅಧಿಕಾರಿಗಳಿಗೂ ಸಲ್ಲುತ್ತಿತ್ತು. 1532ರಲ್ಲಿ ಸ್ಪೇನಿನವರು ಬಂದಿಳಿದ ಮೇಲೆ ಆ ಸಂಗ್ರಹವೇ ಆಕ್ರಮಣಕಾರರ ಊಟವಾಯಿತು. 1547–48ರ ಹೊತ್ತಿಗೂ ಹೌಹಾ ಕಣಿವೆಯ ಉಗ್ರಾಣಗಳು ಒಂದು ಸ್ಪ್ಯಾನಿಷ್ ಸೈನ್ಯವನ್ನು ಹಲವು ವಾರ ಪೋಷಿಸಿದುವು. ಆ ಕಣಿವೆಯ ಹುವಾಂಕ ಜನ ಮಾತ್ರ ತಮ್ಮಿಂದ ಹೋದ ಪ್ರತಿಯೊಂದು ಅಳತೆಯನ್ನೂ ಗಂಟು ಕಟ್ಟಿ ಇಟ್ಟುಕೊಂಡಿದ್ದರು. ಮುಂದೆ ಅವರ ಮುಖಂಡರು ಆ ದಾರಗಳನ್ನು ಲಿಮಾದ ನ್ಯಾಯಾಲಯದ ಮುಂದೆ ಹಿಡಿದು ಕೊಟ್ಟದ್ದನ್ನೆಲ್ಲ ಓದಿ ಹೇಳಿದರು. ಯಾರ ಬೆವರಿನಿಂದ ಕಣಜ ತುಂಬಿತೋ ಅವರು ಅದರ ಲೆಕ್ಕವನ್ನು ಮರೆಯಲಿಲ್ಲ.

ಹುಲ್ಲಿನ ಮುಡಿ

ಕಾರವಾರ–ಅಂಕೋಲೆಗಳಲ್ಲಿ ಇಂಥ ಕಲ್ಲಿನ ಉಗ್ರಾಣಗಳ ಸಾಲನ್ನು ಹುಡುಕುವುದು ವ್ಯರ್ಥ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದೆ ಮಳೆ ಸುರಿಯುವ, ಕಡಲ ಗಾಳಿಯಲ್ಲಿ ಉಪ್ಪೂ ತೇವವೂ ಬೆರೆತಿರುವ ಈ ಕರಾವಳಿಗೆ ಬೇರೆ ಉಪಾಯ ಬೇಕಾಯಿತು. ಬಯಲುಸೀಮೆಯ ಧಾರವಾಡ, ವಿಜಾಪುರಗಳ ರೈತರು ಒಣನೆಲವನ್ನು ಅಗೆದು ಹುಲ್ಲು, ಬೂದಿಗಳನ್ನು ಹಾಸಿ ಜೋಳವನ್ನು ಹಗೇವಿನಲ್ಲಿ ಹೂತಿಟ್ಟರೆ, ಒಂದೆರಡು ಅಡಿ ಅಗೆದರೆ ನೀರು ಕಾಣುವ ಕರಾವಳಿಯಲ್ಲಿ ಧಾನ್ಯವನ್ನು ನೆಲದಿಂದ ಮೇಲಕ್ಕೆತ್ತಬೇಕಾಗಿತ್ತು. ಮರದ ಹಲಗೆಯ ಕಣಜ, ಬಿದಿರ ತಟ್ಟಿಗೆ ಸೆಗಣಿ ಸಾರಿಸಿದ ದೊಡ್ಡ ಬುಟ್ಟಿ, ಒಲೆಯ ಹೊಗೆ ತಾಗುವ ಅಟ್ಟ, ಇವುಗಳ ಜೊತೆಗೆ ಕರಾವಳಿಯ ವಿಶಿಷ್ಟ ಸೃಷ್ಟಿಯೆಂದರೆ ಮುಡಿ. ಭತ್ತದ ಹುಲ್ಲನ್ನೇ ಹಾಸಿ, ನಡುವೆ ಅಕ್ಕಿಯನ್ನೋ ಬೀಜದ ಭತ್ತವನ್ನೋ ಸುರಿದು, ಹುಲ್ಲಿನ ಹಗ್ಗವನ್ನು ಸುತ್ತಿ ಸುತ್ತಿ ಬಿಗಿದು, ಮರದ ಕೊಡತಿಯಿಂದ ತಟ್ಟಿ ತಟ್ಟಿ ಗುಂಡಗೆ ಮಾಡಿದ ಕಟ್ಟು ಅದು. ಒಂದು ಕಾಳೂ ಹೊರಚೆಲ್ಲದ, ತೇವವನ್ನು ಒಳಬಿಡದ ಆ ಕಟ್ಟಿನಲ್ಲಿ ಅಕ್ಕಿ ವರ್ಷಕ್ಕೂ ಮೀರಿ ಕೆಡದೆ ಉಳಿಯುತ್ತಿತ್ತು. ತುಳುನಾಡಿನ ಶಾಸನಗಳು ದತ್ತಿಭೂಮಿಯ ಹುಟ್ಟುವಳಿಯನ್ನು ಮುಡಿ ಅಕ್ಕಿಯ ಲೆಕ್ಕದಲ್ಲಿಯೇ ಹೇಳುತ್ತವೆ. ಹೀಗೆ ಸಂಗ್ರಹದ ಸಾಧನವೇ ಅಳತೆಯೂ ಆಯಿತು.

ಇಲ್ಲಿಯ ಜೈನೇತರ ರೈತಸಮುದಾಯಗಳಾದ ಹಾಲಕ್ಕಿ ಒಕ್ಕಲಿಗರು, ನಾಡವರು, ಕೋಮಾರಪಂತರು ಮೊದಲಾದವರು ಕಾಳಿ ಮತ್ತು ಗಂಗಾವಳಿ ನದಿಗಳ ಬಯಲುಗಳಲ್ಲಿ ತಲೆಮಾರುಗಳಿಂದ ಭತ್ತ ಬೆಳೆದವರು. ಕಡಲ ಉಬ್ಬರದ ನೀರು ಏರಿ ಬರುವ ಗಜನಿ ಭೂಮಿಯಲ್ಲಿಯೂ ಒಡ್ಡು ಕಟ್ಟಿ, ಉಪ್ಪನ್ನು ತಾಳಿಕೊಳ್ಳುವ ಕಗ್ಗದಂಥ ಭತ್ತವನ್ನು ಈ ಕರಾವಳಿಯ ರೈತರು ಬೆಳೆದರು. ಇಂಥ ಕಡೆ ಬೀಜ ಕಳೆದುಹೋದರೆ ಹೊರಗಿನಿಂದ ತಂದು ಬಿತ್ತುವಂತಿಲ್ಲ, ಬೇರೆ ತಳಿ ಆ ಉಪ್ಪುನೀರಿನಲ್ಲಿ ಬದುಕದು. ಆದುದರಿಂದ ಹಸಿವು ಎಷ್ಟೇ ಕಾಡಿದರೂ ಬೀಜದ ಮುಡಿಯನ್ನು ಬಿಚ್ಚಬಾರದೆಂಬುದು ರೈತನ ಮನೆಯ ಕಟ್ಟಳೆಯಾಗಿತ್ತು. ಶಾಸ್ತ್ರ ಓದದ ಮನೆಯಲ್ಲಿಯೂ ಪರಿಮಾಣವ್ರತದ ಒಂದು ರೂಪ ಇತ್ತು. ಇಷ್ಟು ಊಟಕ್ಕೆ, ಇಷ್ಟು ಬೀಜಕ್ಕೆ, ಇಷ್ಟು ದೇವರಿಗೆ, ಇಷ್ಟು ಬಾಗಿಲಿಗೆ ಬಂದವರಿಗೆ ಎಂಬ ಪಾಲು ಸುಗ್ಗಿಯ ಕಣದಲ್ಲಿಯೇ ತೀರ್ಮಾನವಾಗುತ್ತಿತ್ತು.

ಜೈನ ಅರಸರು ಮತ್ತು ಅಕ್ಕಿಯ ವ್ಯಾಪಾರ

ಈ ಜಿಲ್ಲೆಯ ಜೈನ ಪರಂಪರೆ ಮುಖ್ಯವಾಗಿ ದಕ್ಷಿಣದ ಹಾಡುವಳ್ಳಿ, ಗೇರುಸೊಪ್ಪೆ, ಭಟ್ಕಳಗಳಲ್ಲಿಯೂ ಘಟ್ಟದ ಮೇಲಿನ ಬಿಳಗಿ, ಸೋದೆಗಳಲ್ಲಿಯೂ ಬೇರುಬಿಟ್ಟಿತ್ತು. ಗೇರುಸೊಪ್ಪೆಯ ಕಾಡಿನ ನಡುವಿನ ಚತುರ್ಮುಖ ಬಸದಿ ಅದರ ವೈಭವಕ್ಕೆ ಸಾಕ್ಷಿ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ಯೆಂದು ಕರೆದರು. ಅಂಕೋಲೆಯ ದಕ್ಷಿಣಕ್ಕೆ ಅಘನಾಶಿನಿಯ ದಡದಲ್ಲಿರುವ ಮಿರ್ಜಾನ ಕೋಟೆಯನ್ನು ಜನ ಅವಳ ಹೆಸರಿನೊಡನೆ ಸೇರಿಸಿಯೇ ನೆನೆಯುತ್ತಾರೆ. ಆದರೆ ಈ ಕರಾವಳಿಯಿಂದ ಕಡಲು ದಾಟಿದ್ದು ಮೆಣಸು ಮಾತ್ರವಲ್ಲ. ಸಾಕಷ್ಟು ಬೆಳೆಯಿಲ್ಲದ ಗೋವೆಗೆ ಅನ್ನ ಹೋಗುತ್ತಿದ್ದುದು ಕೆನರಾ ಕರಾವಳಿಯ ಬಂದರುಗಳಿಂದಲೇ. 1502ರಲ್ಲಿ ಭಟ್ಕಳದ ಮೇಲೆ ಬಿದ್ದ ವಾಸ್ಕೊ ಡ ಗಾಮನು ವಿಧಿಸಿದ ಕಪ್ಪವೂ ಅಕ್ಕಿಯ ರೂಪದ್ದು. ಮುಂದೆ 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದುದು ಮೆಣಸು ಮತ್ತು ಬಟ್ಟೆಗಳಿಗಾಗಿ.

ಅಕ್ಕಿ ಹೀಗೆ ಊಟದ ವಸ್ತುವಾಗಿದ್ದಂತೆ ಕಪ್ಪವೂ ಸರಕೂ ಆದಾಗ ಕಣಜದ ಅರ್ಥವೂ ಬದಲಾಗುತ್ತದೆ. ಬಂದರಿನ ಉಗ್ರಾಣದಲ್ಲಿರುವ ಅಕ್ಕಿ ಊರಿನ ಹಸಿವನ್ನು ನೋಡುವುದಿಲ್ಲ, ದೂರದ ಬೆಲೆಯನ್ನು ನೋಡುತ್ತದೆ. ಯುದ್ಧಗಳೂ ಈ ನಾಡನ್ನು ಬಿಡಲಿಲ್ಲ. 1801ರಲ್ಲಿ ಇಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್‌ನು ಭತ್ತದ ಬೇಸಾಯದ ವಿವರಗಳ ಜೊತೆಗೆ ಅಂಕೋಲೆಯ ಕೋಟೆ ಹಾಳುಬಿದ್ದುದನ್ನೂ ಬರೆದಿಟ್ಟಿದ್ದಾನೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ ಕಾರವಾರ ಜಿಲ್ಲಾಕೇಂದ್ರವಾಯಿತು. 1876–78ರ ಮಹಾಕ್ಷಾಮದಲ್ಲಿ ಘಟ್ಟದ ಮೇಲಿನ ಬಯಲುಸೀಮೆ ಬೆಂದುಹೋದಾಗಲೂ ಭಾರತದಿಂದ ಗೋಧಿಯ ರಫ್ತು ನಿಲ್ಲಲಿಲ್ಲವೆಂಬುದು ಆ ಕಾಲದ ಆಡಳಿತದ ಮೇಲಿರುವ ಕಳಂಕ. ದೇಶದಲ್ಲಿ ಧಾನ್ಯವಿತ್ತು. ಅದನ್ನು ಕೊಳ್ಳುವ ಶಕ್ತಿ ಹಸಿದವರಿಗಿರಲಿಲ್ಲ.

ಗೇಣಿಯ ಭತ್ತ

20ನೆಯ ಶತಮಾನದ ಮೊದಲರ್ಧದಲ್ಲಿ ಅಂಕೋಲೆ–ಕಾರವಾರಗಳ ಭತ್ತದ ಪ್ರಶ್ನೆ ತೀಕ್ಷ್ಣವಾಯಿತು. ಭೂಮಿಯ ದೊಡ್ಡ ಭಾಗ ಒಡೆಯರ ಕೈಯಲ್ಲಿತ್ತು, ಉಳುವವನು ಗೇಣಿಯ ಒಕ್ಕಲು. ಕೊಯ್ಲಾದೊಡನೆ ಒಪ್ಪಿದಷ್ಟು ಭತ್ತವನ್ನು ಒಡೆಯರ ಮನೆಗೆ ಹೊತ್ತುಹಾಕಬೇಕು. ಉಳಿದುದು ಮಳೆಗಾಲದ ನಡುವಿನಲ್ಲಿಯೇ ತೀರಿದರೆ ತಾನೇ ಬೆಳೆದು ಒಪ್ಪಿಸಿದ ಭತ್ತವನ್ನು ಅದೇ ಮನೆಯಿಂದ ಬಡ್ಡಿಗೆ ತರಬೇಕು. ಹೊಲದಲ್ಲಿ ಬೆಳೆದವನ ಮನೆಯ ಕಣಜ ಬರಿದು, ಬೆಳೆಯದವನ ಮನೆಯ ಕಣಜ ತುಂಬಿದ್ದು. ಅಚೌರ್ಯವ್ರತದ ದೋಷಗಳಲ್ಲಿ ಕಡಿಮೆ–ಹೆಚ್ಚಿನ ಅಳತೆಮಾನಗಳನ್ನು ಇಟ್ಟುಕೊಳ್ಳುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಕೊಳ್ಳುವಾಗ ಒಂದು ಕೊಳಗ, ಕೊಡುವಾಗ ಇನ್ನೊಂದು ಕೊಳಗವೆಂಬ ಆಕ್ಷೇಪ ನಮ್ಮ ಹಳ್ಳಿಗಾಡಿನಲ್ಲಿ ಹಳೆಯದು. ಆಚಾರ್ಯರು ಈ ದೋಷವನ್ನು ಹೆಸರಿಸಿಯೇ ಎಚ್ಚರಿಸಬೇಕಾಯಿತೆಂದರೆ ಅವರ ಕೇಳುಗರಾದ ಗೃಹಸ್ಥರಲ್ಲಿಯೂ ಅದು ಇದ್ದಿತೆಂದೇ ತಿಳಿಯಬೇಕು.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೆ ಬಂದ ಕರನಿರಾಕರಣ ಚಳವಳಿಯಲ್ಲಿ ಅಂಕೋಲೆಯ ರೈತರು ಭೂಮಿಯನ್ನೂ ದನಕರು, ಪಾತ್ರೆಪದಾರ್ಥಗಳನ್ನೂ ಜಪ್ತಿಗೆ ಬಿಟ್ಟುಕೊಟ್ಟು ಸೆರೆಮನೆಗೆ ನಡೆದರು. ‘ಕರ್ನಾಟಕದ ಬಾರ್ಡೋಲಿ’ಯೆಂಬ ಹೆಸರು ಊರಿಗೆ ಬಂದುದು ಆಗಲೇ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಮುಟ್ಟುಗೋಲಾದ ಜಮೀನುಗಳು ಹಿಂದಿರುಗಿದುವು. ಒಬ್ಬರ ಮೇಲೂ ಕೈಯೆತ್ತದೆ, ತಮ್ಮದೆಲ್ಲವನ್ನೂ ಕಳೆದುಕೊಳ್ಳಲು ಸಿದ್ಧರಾದ ಈ ಒಕ್ಕಲುಗಳು ಅಹಿಂಸೆ ಮತ್ತು ಅಪರಿಗ್ರಹಗಳೆರಡನ್ನೂ ಒಂದೇ ಹೆಜ್ಜೆಯಲ್ಲಿ ಆಚರಿಸಿದರೆನ್ನಬಹುದು.

ಆದರೆ ಸರಕಾರದ ಕರವನ್ನು ಪ್ರಶ್ನಿಸಿದ ಮೇಲೆ ಒಡೆಯರ ಗೇಣಿಯ ಪ್ರಶ್ನೆಯೂ ಏಳದಿರಲಿಲ್ಲ. ಅಂಕೋಲೆಯವರೇ ಆದ ದಿನಕರ ದೇಸಾಯಿಯವರು (1909–1982) ಭಾರತ ಸೇವಕ ಸಮಾಜದ ಸದಸ್ಯರಾಗಿ, 1930ರ ದಶಕದ ಕೊನೆಯಿಂದ ಅಂಕೋಲೆ, ಕಾರವಾರ, ಕುಮಟಾ ತಾಲೂಕುಗಳ ಗೇಣಿದಾರರನ್ನು ಸಂಘಟಿಸಿದರು. ಉಳುವವನೇ ಹೊಲದ ಒಡೆಯನಾಗಬೇಕೆಂಬುದು ಆ ಚಳವಳಿಯ ಕೂಗಾಯಿತು. 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು, ಅವರು ಐದು ವರ್ಷ ಹೊರಗಿದ್ದರು. ಮುಂದೆ 1948ರ ಮುಂಬಯಿ ಗೇಣಿ ಕಾಯಿದೆ ಗೇಣಿಗೆ ಮಿತಿ ಹಾಕಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕ ಭೂಸುಧಾರಣೆಯ ತಿದ್ದುಪಡಿ ಗೇಣಿಯ ಪದ್ಧತಿಯನ್ನೇ ಕೊನೆಗಾಣಿಸಿತು. ಭತ್ತದ ಮುಡಿ ಬೆಳೆದವನ ಮನೆಯ ಅಟ್ಟದಲ್ಲಿಯೇ ಉಳಿಯುವಂತಾದುದು ಹೀಗೆ. ಭೂಮಿ ಕಳೆದುಕೊಂಡ ಮನೆತನಗಳಲ್ಲಿ ಗೇಣಿಯೊಂದನ್ನೇ ನಂಬಿದ್ದ ವಿಧವೆಯರೂ ಸಣ್ಣ ಹಿಡುವಳಿದಾರರೂ ಇದ್ದರು, ಕೆಲವು ದೇವಸ್ಥಾನ–ಬಸದಿಗಳ ನಿತ್ಯಪೂಜೆಗೂ ಅಡಚಣೆಯಾಯಿತು. ಆ ನೋವು ಸುಳ್ಳಲ್ಲ. ಆದರೂ ಬಸದಿಯ ನೈವೇದ್ಯ ಹಸಿದ ಒಕ್ಕಲಿನ ಗೇಣಿಯಿಂದ ನಡೆಯಬೇಕೇ, ಶ್ರಾವಕರ ಸ್ವಂತ ದಾನದಿಂದ ನಡೆಯಬೇಕೇ ಎಂದು ಕೇಳಿದರೆ ಧರ್ಮದ ಉತ್ತರ ಸಂದೇಹಕ್ಕೆ ಎಡೆಕೊಡದು.

ಜಗಡೂಶಾಹನ ತಾಮ್ರಪಟ

ಸಂಗ್ರಹವು ಹೇಗೆ ದಯೆಯಾಗಬಲ್ಲದೆಂಬುದಕ್ಕೆ ಜೈನ ಇತಿಹಾಸದಲ್ಲಿ ಪ್ರಸಿದ್ಧವಾದ ನಿದರ್ಶನ ಕಚ್ಛದ ಭದ್ರೇಶ್ವರದ ವಣಿಜ ಜಗಡೂಶಾಹನದು. ಸರ್ವಾನಂದಸೂರಿಯ ಜಗಡೂಚರಿತವು ಅವನ ಕಥೆಯನ್ನು ಹೇಳುತ್ತದೆ. ಮೂರು ವರ್ಷಗಳ ಕ್ಷಾಮ ಬರಲಿದೆಯೆಂದು ಗುರುಗಳಿಂದ ತಿಳಿದ ಜಗಡೂ ನಾಡಿನಾದ್ಯಂತ ಧಾನ್ಯ ಕೊಂಡು ಉಗ್ರಾಣಗಳನ್ನು ತುಂಬಿಸಿದನು. 1256ರಿಂದ 1258ರವರೆಗೆ ಮಳೆ ಕೈಕೊಟ್ಟಾಗ ಗುಜರಾತಿನ ಅರಸ ವೀಸಲದೇವನು ಅವನನ್ನು ಕರೆಸಿ ಧಾನ್ಯ ಕೇಳಿದನು. ಇಲ್ಲಿ ತನ್ನ ಧಾನ್ಯವೆಂಬುದೇ ಇಲ್ಲ, ಬೇಕಾದರೆ ಉಗ್ರಾಣದೊಳಗಿನ ತಾಮ್ರಪಟವನ್ನು ತೆಗೆಸಿ ನೋಡಬಹುದೆಂದು ಜಗಡೂ ವಿನಯದಿಂದ ಬಿನ್ನವಿಸಿದನು. ಆ ಧಾನ್ಯವನ್ನು ಬಡವರಿಗಾಗಿ ಇರಿಸಿದೆಯೆಂಬ ಬರಹ ಅದರಲ್ಲಿತ್ತೆಂದು ಚರಿತೆ ಹೇಳುತ್ತದೆ. ಬಳಿಕ ಅವನು ಅರಸರಿಗೂ ಕೊಟ್ಟನು, ಊರೂರಿನಲ್ಲಿ ದಾನಶಾಲೆಗಳನ್ನೂ ತೆರೆದನು.

ಜಗಡೂ ಮಾಡಿದ ಖರೀದಿಗೂ ದಾಸ್ತಾನು ವ್ಯಾಪಾರಿ ಮಾಡುವ ಖರೀದಿಗೂ ಹೊರನೋಟಕ್ಕೆ ಯಾವ ಭೇದವೂ ಇಲ್ಲ. ಇಬ್ಬರೂ ಬರವನ್ನು ಮುಂಗಂಡವರು, ಇಬ್ಬರೂ ಅಗ್ಗದ ಕಾಲದಲ್ಲಿ ಕೊಂಡವರು, ಇಬ್ಬರೂ ಬಾಗಿಲಿಗೆ ಬೀಗ ಹಾಕಿದವರು. ಭೇದವಿದ್ದುದು ತುಂಬುವ ದಿನವೇ ಒಳಗಿರಿಸಿದ ಆ ಬರಹದಲ್ಲಿ. ಕ್ಷಾಮ ಬಂದ ಮೇಲೆ ಹುಟ್ಟಿದ ಕನಿಕರವಾಗಿದ್ದರೆ ಅದು ಬೆಲೆಯ ಆಸೆಯ ಎದುರು ನಿಲ್ಲುತ್ತಿತ್ತೋ ಇಲ್ಲವೋ ಹೇಳಲಾಗದು. ಸಂಕಲ್ಪ ಮೊದಲೇ ಆಗಿದ್ದುದರಿಂದ ಆಸೆಗೆ ಅವಕಾಶವಿರಲಿಲ್ಲ. ವ್ರತವೆಂಬುದರ ಪ್ರಯೋಜನವೂ ಇದೇ. ಲೋಭ ಎದುರು ಬಂದು ನಿಲ್ಲುವ ಮೊದಲೇ ಮಿತಿಯನ್ನು ಬರೆದಿಡುವುದು.

ಕಾಳಿನೊಳಗಿನ ಜೀವ

ಜೈನರಿಗೆ ಕಣಜದ ವಿಷಯದಲ್ಲಿ ಇನ್ನೊಂದು ಹೊಣೆಯಿದೆ. ಕೂಡಿಟ್ಟ ಧಾನ್ಯದಲ್ಲಿ ಹುಳು ಹುಟ್ಟುತ್ತದೆ, ಹೆಚ್ಚು ಕಾಲ ಕೂಡಿಟ್ಟಷ್ಟೂ ತ್ರಸಜೀವಗಳ ಹಿಂಸೆ ಹೆಚ್ಚುತ್ತದೆ. ಹಿಟ್ಟನ್ನು ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳಿಗಿಂತ ಹೆಚ್ಚು ಇಡಬಾರದೆಂಬ ದಿಗಂಬರ ಸಂಪ್ರದಾಯದ ಮರ್ಯಾದೆ ಇದೇ ಎಚ್ಚರದಿಂದ ಬಂದುದು. ಅಕ್ಕಿಗಿಂತ ಸಿಪ್ಪೆಯಿರುವ ಭತ್ತ ಹೆಚ್ಚು ಕಾಲ ಹುಳುವಿಲ್ಲದೆ ಉಳಿಯುತ್ತದೆ, ಚೆನ್ನಾಗಿ ಒಣಗಿದುದು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಬಿಸಿಲಿಗೆ ಹಾಕುವುದು, ಬೇವಿನ ಎಲೆ ಬೆರೆಸುವುದು, ಹೊಗೆಯ ಅಟ್ಟದಲ್ಲಿಡುವುದು, ಬಿಗಿಯಾದ ಮುಡಿ ಕಟ್ಟುವುದು, ಇವೆಲ್ಲ ಹುಳು ಬಾರದಂತೆ ತಡೆಯುವ ಉಪಾಯಗಳು. ಇಂದಿನ ದೊಡ್ಡ ಗೋದಾಮುಗಳಲ್ಲಿ ಹುಳು ಬಂದ ಮೇಲೆ ಅಲ್ಯುಮಿನಿಯಂ ಫಾಸ್ಫೈಡಿನ ವಿಷಾನಿಲವನ್ನು ಬಿಟ್ಟು ಕೊಲ್ಲಲಾಗುತ್ತದೆ. ಆ ಕ್ರಮ ಅನಿವಾರ್ಯವೆನಿಸಿದ್ದರೂ ಸಂಗ್ರಹ ದೊಡ್ಡದಾದಷ್ಟೂ ಹಿಂಸೆ ದೊಡ್ಡದಾಗುತ್ತದೆಂಬ ಸತ್ಯವನ್ನು ಅದು ನೆನಪಿಸುತ್ತದೆ. ಮನೆಗೆ ಬೇಕಾದಷ್ಟನ್ನೇ ತಂದು, ಒಣಗಿಸಿ, ಶೋಧಿಸಿ ಬಳಸುವ ಗೃಹಿಣಿ ಅಹಿಂಸೆಯನ್ನೂ ಅಪರಿಗ್ರಹವನ್ನೂ ಒಟ್ಟಿಗೇ ಪಾಲಿಸುತ್ತಾಳೆ.

ಬರಿದಾದ ಅಟ್ಟಗಳು

ಇಂದು ಅಂಕೋಲೆ–ಕಾರವಾರಗಳ ಅನೇಕ ಮನೆಗಳಲ್ಲಿ ಕಣಜಗಳು ಬರಿದಾಗಿವೆ. ಎರಡು ತಾಲೂಕುಗಳ ನಡುವಿನ ಹಲವು ಗ್ರಾಮಗಳ ಗದ್ದೆಗಳು 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗೆ ಹೋದುವು. ಉಳಿದ ಕಡೆಗಳಲ್ಲಿಯೂ ಬೇಸಾಯ ಬಿಟ್ಟ ಗದ್ದೆಗಳು ಕಡಿಮೆಯಿಲ್ಲ, ಗಜನಿಯ ಒಡ್ಡುಗಳು ಒಡೆದ ಕಡೆ ಉಪ್ಪುನೀರು ನಿಂತಿದೆ. 2019ರ ಆಗಸ್ಟಿನಲ್ಲಿ ಕಾಳಿಯೂ ಗಂಗಾವಳಿಯೂ ದಡ ಮೀರಿ ಮನೆಗಳಿಗೆ ನುಗ್ಗಿದಾಗ ಧಾನ್ಯವನ್ನು ಎತ್ತರದಲ್ಲಿಡುತ್ತಿದ್ದ ಹಿರಿಯರ ಬುದ್ಧಿ ಅನೇಕರಿಗೆ ನೆನಪಾಗಿರಬೇಕು. ಅನ್ನದ ಹೊಣೆಯನ್ನು ಈಗ ರಾಜ್ಯ ಹೊತ್ತಿದೆ. 1965ರಲ್ಲಿ ಸ್ಥಾಪಿತವಾದ ಭಾರತ ಆಹಾರ ನಿಗಮದ ಗೋದಾಮುಗಳೂ 2013ರ ಆಹಾರ ಭದ್ರತಾ ಕಾಯಿದೆಯೂ ಮೌರ್ಯರ ಕೋಷ್ಠಾಗಾರದ ಮುಂದುವರಿದ ರೂಪಗಳೇ. ಹಸಿದವನು ಯಾರ ಬಾಗಿಲಲ್ಲಿಯೂ ಬೇಡದೆ ಹಕ್ಕಿನಿಂದ ಅಕ್ಕಿ ಪಡೆಯುವುದು ದೊಡ್ಡ ಸಾಧನೆ.

ಆದರೂ ರಾಜ್ಯದ ಗೋದಾಮು ಶ್ರಾವಕನನ್ನು ವ್ರತದಿಂದ ಬಿಡುಗಡೆ ಮಾಡುವುದಿಲ್ಲ. ಜೈನಸಮಾಜದಲ್ಲಿ ಧಾನ್ಯದ ವ್ಯಾಪಾರಿಗಳು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅವರಲ್ಲಿ ಜಗಡೂಶಾಹನ ಹೆಸರನ್ನು ಅಭಿಮಾನದಿಂದ ಹೇಳದವರು ವಿರಳ. ಆ ಅಭಿಮಾನಕ್ಕೆ ಅರ್ಥ ಬರಬೇಕಾದರೆ ವರ್ಷದ ಆರಂಭದಲ್ಲಿ, ಬೆಲೆ ಏರುವ ಮೊದಲೇ, ಇಷ್ಟು ಮಾತ್ರ ನನ್ನದು, ಮಿಕ್ಕದ್ದು ನನ್ನದಲ್ಲವೆಂಬ ಪರಿಮಾಣವನ್ನು ಪ್ರತಿಯೊಬ್ಬನೂ ಬರೆದಿಡಬೇಕು. ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗ ಮತ್ತು ಉತ್ತಮ ಆಕಿಂಚನ್ಯಗಳ ದಿನಗಳು ಬರುವುದೂ ಭಾದ್ರಪದದಲ್ಲಿ, ಹಳೆಯ ಭತ್ತ ತೀರುತ್ತ ಹೊಸ ತೆನೆ ಇನ್ನೂ ಗದ್ದೆಯಲ್ಲಿರುವ ಕಾಲದಲ್ಲಿ. ಅಂಕೋಲೆಯ ಒಕ್ಕಲಿನ ಮನೆಯಲ್ಲಿ ಒಂದು ಕಾಲಕ್ಕೆ ಅನ್ನ ಅರೆಹೊಟ್ಟೆಗಿಳಿಯುತ್ತಿದ್ದುದೂ ಅದೇ ತಿಂಗಳುಗಳಲ್ಲಿ. ಆ ದಿನ ಮನೆಯ ಉಗ್ರಾಣದ ಬಾಗಿಲು ತೆರೆದು, ಒಳಗಿರುವುದರಲ್ಲಿ ಎಷ್ಟು ಯಾರದೆಂದು ಲೆಕ್ಕ ಹಾಕುವುದು ಶ್ರಾವಕನಿಗೆ ಸ್ವಾಧ್ಯಾಯದಷ್ಟೇ ಅಗತ್ಯವಾದ ಕಾರ್ಯ.